ಒಂದೇ ಕೇಬಲ್ಲನ್ನು ಸೆಟ್ ಟಾಪ್ ಬಾಕ್ಸ್‌ಗೂ ಟಿವಿಗೂ ಹಂಚಿದೆ, ಈಗ ಚಿತ್ರ ಒಡೆಯುತ್ತಿದೆ. ಯಾಕೆ?

ಪ್ರಶ್ನೆ:
ಸರ್, ನಮ್ಮ ಮನೆಗೆ ಬರುವುದು ಒಂದೇ ಕೇಬಲ್. ಮೊದಲು ಅದು ಸೀದಾ ಸೆಟ್ ಟಾಪ್ ಬಾಕ್ಸ್‌ಗೆ ಹೋಗುತ್ತಿತ್ತು, ಬಾಕ್ಸ್‌ನಿಂದ ಎಚ್‌ಡಿಎಂಐ ವೈರಿನಲ್ಲಿ ಟಿವಿಗೆ. ಬಾಕ್ಸ್‌ನಲ್ಲಿ ಒಂದು ಕಾರ್ಯಕ್ರಮ ರೆಕಾರ್ಡ್ ಆಗುತ್ತಿರುವಾಗ ಟಿವಿಯಲ್ಲಿ ಬೇರೆ ಚಾನೆಲ್ ನೋಡೋಣ ಅಂತ ಒಂದು ಸ್ಪ್ಲಿಟರ್ ತಂದೆ. ಒಳಗೆ ಒಂದು, ಹೊರಗೆ ಮೂರು. ಒಂದನ್ನು ಬಾಕ್ಸ್‌ಗೆ ಕೊಟ್ಟೆ, ಒಂದನ್ನು ಟಿವಿ ಹಿಂದಿನ ಆಂಟೆನಾ ಪಾಯಿಂಟಿಗೆ ಹಾಕಿದೆ, ಮೂರನೆಯದು ಖಾಲಿ. ಈಗ ಬಾಕ್ಸ್‌ನಲ್ಲಿ ಹತ್ತು ಹನ್ನೆರಡು ಚಾನೆಲ್ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತವೆ, ಉಳಿದವು ಚೆನ್ನಾಗಿವೆ. ಟಿವಿಯಲ್ಲಿ ಸ್ಕ್ಯಾನ್ ಮಾಡಿದರೆ ಸಿಕ್ಕಿದ್ದು ಬರೀ ನಾಲ್ಕು ಚಾನೆಲ್. ಸ್ಪ್ಲಿಟರ್ ಕೆಟ್ಟಿದೆಯಾ?

ಉತ್ತರ:
ಸ್ಪ್ಲಿಟರ್ ಕೆಟ್ಟಿರಲಿಕ್ಕಿಲ್ಲ. ನೀವು ಹೇಳಿದ ಎರಡು ತೊಂದರೆಗೂ ಒಂದಕ್ಕೊಂದು ಸಂಬಂಧ ಇಲ್ಲ, ಅದಕ್ಕೇ ಬೇರೆ ಬೇರೆ ಹೇಳುತ್ತೇನೆ.

ಮೊದಲು ಟಿವಿಯ ನಾಲ್ಕು ಚಾನೆಲ್ ವಿಷಯ. ಸ್ಪ್ಲಿಟರ್ ಸಿಗ್ನಲ್ಲನ್ನು ಹಂಚುತ್ತದೆ ಅಷ್ಟೇ, ಅದರ ಬೀಗ ತೆಗೆಯುವುದಿಲ್ಲ. ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳೆಲ್ಲ ಬೀಗ ಹಾಕಿಕೊಂಡೇ ವೈರಿನಲ್ಲಿ ಬರುತ್ತವೆ, ಬೀಗದ ಕೈ ಇರುವುದು ಬಾಕ್ಸ್ ಒಳಗಿನ ಕಾರ್ಡಿನಲ್ಲಿ ಅಥವಾ ಚಿಪ್ಪಿನಲ್ಲಿ. ಟಿವಿಗೆ ಸಿಕ್ಕ ಆ ನಾಲ್ಕು, ಬೀಗ ಇಲ್ಲದೆ ಬರುವವು. ಹತ್ತು ಸಲ ಸ್ಕ್ಯಾನ್ ಮಾಡಿದರೂ ಐದನೆಯದು ಬರುವುದು ಕಷ್ಟ. ಒಂದು ಮಾತ್ರ ನೋಡಿ, ಸ್ಕ್ಯಾನ್ ಮಾಡುವಾಗ ಮೆನುವಿನಲ್ಲಿ 'ಆಂಟೆನಾ' ಅಲ್ಲ 'ಕೇಬಲ್' ಅಂತ ಆರಿಸಿದ್ದೀರಿ ತಾನೇ? ಗಾಳಿಯಲ್ಲಿ ಬರುವ ಡಿಜಿಟಲ್ ಸಿಗ್ನಲ್ ಒಂದು ಬಗೆ, ಕೇಬಲ್‌ನಲ್ಲಿ ಬರುವುದು ಇನ್ನೊಂದು ಬಗೆ. ಕೆಲವು ಟಿವಿಗಳಲ್ಲಿ ಮೊದಲನೆಯದನ್ನು ಓದುವ ಟ್ಯೂನರ್ ಮಾತ್ರ ಇರುತ್ತದೆ. ನಿಮಗೆ ನಾಲ್ಕಾದರೂ ಬಂದಿವೆ ಅಂದರೆ ಆ ಕಡೆ ತೊಂದರೆ ಇಲ್ಲ ಅನ್ನಿಸುತ್ತದೆ.

ಇನ್ನು ಚಿತ್ರ ಒಡೆಯುವುದು. ನಿಮ್ಮ ಸ್ಪ್ಲಿಟರನ್ನು ಬೆಳಕಿಗೆ ಹಿಡಿದು ಪ್ರತಿ ಔಟ್ ಪಕ್ಕ ಏನು ಅಚ್ಚಾಗಿದೆ ಓದಿ. ಮೂರು ಔಟ್ ಇರುವುದರಲ್ಲಿ ಸಾಮಾನ್ಯವಾಗಿ ಒಂದರ ಹತ್ತಿರ 3.5 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಇಳಿಯುತ್ತದೆ ಅನ್ನುವ ಅಳತೆ), ಉಳಿದ ಎರಡರ ಹತ್ತಿರ 7 ಡಿಬಿ ಅಂತ ಇರುತ್ತದೆ. ಇದು ಅಲಂಕಾರಕ್ಕೆ ಹಾಕಿದ್ದಲ್ಲ. ಒಳಗೆ ಇರುವುದು ಎರಡು ಪಾಲು ಮಾಡುವ ಎರಡು ಸ್ಪ್ಲಿಟರ್, ಒಂದರ ಬಾಲಕ್ಕೆ ಇನ್ನೊಂದು. ಮೊದಲ ಪಾಲು ಒಂದು ಔಟ್‌ಗೆ ಪೂರ್ತಿ ಹೋಗುತ್ತದೆ, ಎರಡನೆಯ ಪಾಲನ್ನು ಮತ್ತೆ ಎರಡು ಮಾಡಿ ಉಳಿದ ಎರಡಕ್ಕೆ ಕೊಡುತ್ತಾರೆ. ಲೆಕ್ಕ ಹೀಗೆ: 3 ಡಿಬಿ ಹೋದರೆ ಶಕ್ತಿ ಅರ್ಧ, 7 ಡಿಬಿ ಹೋದರೆ ಉಳಿಯುವುದು ಐದರಲ್ಲಿ ಒಂದು ಪಾಲು. ನಿಮ್ಮ ಬಾಕ್ಸ್ ಈಗ 7 ಡಿಬಿ ಔಟ್‌ನಲ್ಲಿ ಕೂತಿದೆ ಅಂತ ನನ್ನ ಅಂದಾಜು. ಸುಮ್ನೆ ವೈರ್ ಅದಲು ಬದಲು ಮಾಡಿ, ಬಾಕ್ಸ್‌ಗೆ 3.5 ಕೊಡಿ. ಅಥವಾ ಎರಡೇ ಔಟ್ ಇರುವುದನ್ನು ಹಾಕಿ, ಬೇಡದ ಮೂರನೇ ಪಾಲು ಯಾಕೆ?

ಪ್ರಶ್ನೆ ಕೇಳಿದವರು:
ನೋಡಿದೆ ಸರ್, ನೀವು ಹೇಳಿದ ಹಾಗೇ ಇತ್ತು, ಬಾಕ್ಸ್ 7ರಲ್ಲಿತ್ತು. ಬದಲಾಯಿಸಿದೆ. ಈಗ ಎರಡು ಮೂರು ಚಾನೆಲ್ ಮಾತ್ರ ಆಗಾಗ ಒಡೆಯುತ್ತವೆ. ಆದರೆ ಸಿಗ್ನಲ್ ಕಡಿಮೆ ಆದರೆ ಎಲ್ಲ ಚಾನೆಲ್ ಹಾಳಾಗಬೇಕಲ್ವಾ? ಕೆಲವು ಮಾತ್ರ ಯಾಕೆ?

ಉತ್ತರ:
ಒಳ್ಳೆ ಪ್ರಶ್ನೆ. ಡಿಜಿಟಲ್‌ನಲ್ಲಿ ಒಂದೊಂದು ಫ್ರೀಕ್ವೆನ್ಸಿಯಲ್ಲಿ ಹತ್ತಾರು ಚಾನೆಲ್‌ಗಳನ್ನು ಒಂದೇ ಮೂಟೆ ಕಟ್ಟಿ ಕಳಿಸುತ್ತಾರೆ. ಮೂಟೆ ತೊಯ್ದರೆ ಅದರೊಳಗಿನ ಎಲ್ಲವೂ ತೊಯ್ದವು. ವೈರಿನಲ್ಲಿ ಮೇಲಿನ ಫ್ರೀಕ್ವೆನ್ಸಿ ಜಾಸ್ತಿ ಸೋರುತ್ತದೆ, ಕೆಳಗಿನದು ಕಡಿಮೆ. ಆರ್‌ಜಿ-6 ಅನ್ನುವ ದಪ್ಪ ಟಿವಿ ವೈರಿನಲ್ಲಿ 750 ಮೆಗಾಹರ್ಟ್ಸ್ ಹತ್ತಿರ ನೂರು ಮೀಟರಿಗೆ ಹೆಚ್ಚುಕಡಿಮೆ 18ರಿಂದ 20 ಡಿಬಿ ಹೋಗುತ್ತದೆ, ಹಳೇ ಸಣ್ಣ ಆರ್‌ಜಿ-59 ಆದರೆ ಇನ್ನೂ ಜಾಸ್ತಿ. ಹಾಗಾಗಿ ಅಂಚಿನಲ್ಲಿದ್ದ ಮೂಟೆ ಮೊದಲು ಬೀಳುತ್ತದೆ. ಬಾಕ್ಸ್‌ನಲ್ಲಿ ಕಾಣುವ ಚಾನೆಲ್ ನಂಬರ್ ನೋಡಿ ಲೆಕ್ಕ ಹಾಕಬೇಡಿ, ಅದಕ್ಕೂ ಫ್ರೀಕ್ವೆನ್ಸಿಗೂ ಸಂಬಂಧ ಇರುವುದಿಲ್ಲ.

ಹಳೇ ಅನಲಾಗ್ ಕಾಲದಲ್ಲಿ ಸಿಗ್ನಲ್ ಇಳಿದರೆ ಪರದೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿತ್ತು, ಜನ ಹಾಗೇ ನೋಡಿಕೊಂಡು ಇರುತ್ತಿದ್ದರು. ಡಿಜಿಟಲ್ ಹಾಗಲ್ಲ. ಕೊನೇ ಗಳಿಗೆಯವರೆಗೂ ಚೆನ್ನಾಗಿರುತ್ತದೆ, ಆಮೇಲೆ ಒಮ್ಮೆಗೇ ಧೊಪ್ಪೆಂದು ಬೀಳುತ್ತದೆ.

ಈಗ ವೈರಿನ ತುದಿಗೆ ಹಾಕಿರುವ ಪಿನ್‌ಗಳನ್ನು ಬಿಚ್ಚಿ ನೋಡಿ. ನಾನು ಹೋದ ಹತ್ತು ಮನೆಯಲ್ಲಿ ಏಳರಲ್ಲಿ ತಪ್ಪು ಇರುವುದು ಇಲ್ಲೇ. ನಡುವಿನ ತಂತಿ ಪಿನ್ನಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಆಚೆ ಬಂದಿರಬೇಕು. ಗಿಡ್ಡ ಆದರೆ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಮೇಲಿನ ಜಾಲರಿ ತಂತಿಯನ್ನು ಪೂರ್ತಿ ಹಿಂದಕ್ಕೆ, ಹೊರಗಿನ ಪ್ಲಾಸ್ಟಿಕ್ ಮೇಲೆ ಮಡಚಿ ಆಮೇಲೆ ಪಿನ್ ಹಾಕಬೇಕು. ಅದರ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ನಡುವಿನ ತಂತಿಗೆ ತಗುಲಿದರೂ ಶಾರ್ಟ್. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಮಿಂಚುತ್ತದೆ.

ಇನ್ನೊಬ್ಬರು:
ಅಣ್ಣ, ಇಷ್ಟೆಲ್ಲ ಯಾಕೆ, ಒಂದು ಬೂಸ್ಟರ್ ಹಾಕಿದರೆ ಆಯಿತಲ್ವಾ?

ಉತ್ತರ:
ಎಲ್ಲರೂ ಮೊದಲು ಇದನ್ನೇ ಕೇಳುತ್ತಾರೆ, ಅಂಗಡಿಯವರಿಗೂ ಖುಷಿ. ಬೂಸ್ಟರ್ ಹಾಕುವುದಾದರೆ ಸ್ಪ್ಲಿಟರ್‌ಗಿಂತ ಮೊದಲು ಹಾಕಬೇಕು. ಸಿಗ್ನಲ್ ಸೊರಗಿದ ಮೇಲೆ ಹಾಕಿದರೆ ಸಿಗ್ನಲ್ ಜೊತೆ ಕಸವನ್ನೂ ಅಷ್ಟೇ ಎತ್ತಿಕೊಡುತ್ತದೆ. ಸಿಗ್ನಲ್ ವಿಪರೀತ ಜಾಸ್ತಿ ಆದರೂ ಚಿತ್ರ ಒಡೆಯುತ್ತದೆ, ನೋಡಲು ಎರಡೂ ಒಂದೇ ಥರ. ಪಿನ್ ಹಾಳಾಗಿದ್ದರೆ ಬೂಸ್ಟರ್ ಏನೂ ಮಾಡಲಾರದು. ಬಾಕ್ಸ್ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇದ್ದರೆ ಕ್ವಾಲಿಟಿಯದನ್ನು ನಂಬಿ. ಸ್ಪ್ಲಿಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಬರೆದಿಟ್ಟುಕೊಂಡರೆ ಜಗಳವೇ ಇಲ್ಲ.

ಅದೇ ಕೇಬಲ್‌ನಲ್ಲಿ ಇಂಟರ್ನೆಟ್ ಮೋಡೆಮ್ ಕೂಡ ಇದ್ದರೆ ಇನ್ನೂ ಹುಷಾರು. ಮೋಡೆಮ್ ವಾಪಸ್ಸೂ ಮಾತಾಡುತ್ತದೆ, ಅದೂ ಕೆಳಗಿನ ಫ್ರೀಕ್ವೆನ್ಸಿಯಲ್ಲಿ. ಸ್ಪ್ಲಿಟರ್ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಅಂತ ಇರಬೇಕು, ಬೂಸ್ಟರ್ ಹಾಕಿದರೆ ಅದು ವಾಪಸ್ ದಾರಿ ಬಿಡುವಂಥದ್ದಾಗಿರಬೇಕು.

ಮತ್ತೊಬ್ಬರು:
ಸರ್, ನಮ್ಮದು ಡಿಶ್. ಇದೇ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ನಡೆಸಬಹುದಾ? ಅಥವಾ ಸ್ಪ್ಲಿಟರ್ ಬದಲು ವೈರುಗಳನ್ನೇ ಹೆಣೆದು ಟೇಪ್ ಸುತ್ತಿದರೆ?

ಉತ್ತರ:
ಡಿಶ್‌ಗೆ ಇದು ಆಗುವುದಿಲ್ಲ. ಅಲ್ಲಿ ಬಾಕ್ಸೇ ಮೇಲಿನ ಎಲ್‌ಎನ್‌ಬಿಗೆ (ಡಿಶ್ ಮುಂದೆ ಇರುವ, ಸಿಗ್ನಲ್ ಹಿಡಿಯುವ ಭಾಗ) 13 ಅಥವಾ 18 ವೋಲ್ಟ್ ಕಳಿಸಿ ಲಂಬವಾಗಿ ಕಂಪಿಸುವ ಸಿಗ್ನಲ್ ಬೇಕೋ ಅಡ್ಡವಾಗಿ ಕಂಪಿಸುವುದೋ ಅಂತ ಹೇಳುತ್ತದೆ. ಎರಡು ಬಾಕ್ಸ್ ಒಂದೇ ವೈರಿನಲ್ಲಿ ಎರಡು ಥರ ಹೇಳಿದರೆ ಒಂದರ ಚಾನೆಲ್ ಹೋಗುತ್ತದೆ. ಅದೂ ಅಲ್ಲದೆ ಆ ಸಿಗ್ನಲ್ ಇರುವುದು 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ, ಕೇಬಲ್ ಸ್ಪ್ಲಿಟರ್ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಎರಡು ಔಟ್ ಇರುವ ಎಲ್‌ಎನ್‌ಬಿ ಹಾಕಿ, ಎರಡು ವೈರ್ ಎಳೆಯಿರಿ.

ಹೆಣೆದು ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ. ಟಿವಿ ಕೇಬಲ್ 75 ಓಮ್ ಲೆಕ್ಕದಲ್ಲಿ ನಡೆಯುತ್ತದೆ, ಹಾಗೆ ಹೆಣೆದರೆ ಆ ಲೆಕ್ಕ ತಪ್ಪಿ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನ ಹಾಗೆ ಹಿಂದಕ್ಕೆ ಪುಟಿಯುತ್ತದೆ. ಸ್ಪ್ಲಿಟರ್‌ನ ಖಾಲಿ ಔಟ್‌ಗೂ 75 ಓಮ್ ಟರ್ಮಿನೇಟರ್ ಮುಚ್ಚಳ ಹಾಕುವುದು ಇದೇ ಕಾರಣಕ್ಕೆ.

ಮೊದಲು ಕೇಳಿದವರಿಗೆ ಒಂದು ಮಾತು. ರೆಕಾರ್ಡ್ ಮಾಡುವ ಬಾಕ್ಸ್ ಅಂದಿರಿ. ಅದರೊಳಗೆ ಎರಡು ಟ್ಯೂನರ್ ಇದೆಯಾ ನೋಡಿದ್ದೀರಾ? ಇದ್ದರೆ ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗಲೇ ಇನ್ನೊಂದನ್ನು ಬಾಕ್ಸ್‌ನಲ್ಲೇ ನೋಡಬಹುದು.

ಪ್ರಶ್ನೆ ಕೇಳಿದವರು:
ಅಯ್ಯೋ ಸರ್! ಈಗ ರೆಕಾರ್ಡ್ ಹಾಕಿ ರಿಮೋಟ್‌ನಲ್ಲಿ ಚಾನೆಲ್ ಬದಲಾಯಿಸಿದೆ, ಬದಲಾಯಿತು, ರೆಕಾರ್ಡಿಂಗೂ ನಿಲ್ಲಲಿಲ್ಲ. ಇಷ್ಟು ದಿನ ನಾನು ಒತ್ತಿಯೇ ನೋಡಿರಲಿಲ್ಲ. ಸ್ಪ್ಲಿಟರ್ ತೆಗೆದುಬಿಡುತ್ತೇನೆ. ಮೊದಲಿನ ಹಾಗೆ ಸೀದಾ ಬಾಕ್ಸ್‌ಗೇ ಹಾಕಿದರೆ ಸಾಕಲ್ವಾ?

ಉತ್ತರ:
ಸಾಕು. ಬಿಚ್ಚುವಾಗ ವೈರ್ ಹಿಡಿದು ತಿರುಚಬೇಡಿ, ನಟ್ ಮಾತ್ರ ತಿರುಗಿಸಿ. ಒಡೆಯುತ್ತಿದ್ದ ಆ ಎರಡು ಮೂರು ಚಾನೆಲ್ ಆಮೇಲೂ ಒಡೆದರೆ ಮನೆಗೆ ಬರುವ ಸಿಗ್ನಲ್ಲೇ ಕಡಿಮೆ ಇದೆ, ಕೇಬಲ್‌ನವರನ್ನು ಮೀಟರ್ ತೆಗೆದುಕೊಂಡೇ ಬರಲು ಹೇಳಿ.