ಎರಡು ಗಂಟೆಗೊಮ್ಮೆ ಸಕ್ಷನ್ ಮಾಡಲೇಬೇಕಾ?

ಪ್ರಶ್ನೆ – ಐಸಿಯು ಸ್ಟಾಫ್ ನರ್ಸ್, ಪುಣೆ:
ನಮಸ್ಕಾರ ಅಕ್ಕ. ನಮ್ಮೂರು ಗದಗ, ಈಗ ಪುಣೆಯಲ್ಲಿ ಡ್ಯೂಟಿ. ನಮ್ಮಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ಎರಡು ಗಂಟೆಗೊಮ್ಮೆ ಸಕ್ಷನ್ ಮಾಡಿ, ಅಂದರೆ ಉಸಿರಾಟದ ಟ್ಯೂಬ್‌ನೊಳಗೆ ಕ್ಯಾಥೆಟರ್ (ತೆಳು ನಳಿಕೆ) ಹಾಕಿ ಕಫ ಎಳೆದು, ಚಾರ್ಟ್‌ನಲ್ಲಿ ಟಿಕ್ ಹಾಕಬೇಕು. ಕೆಲವರಿಗೆ ಕ್ಯಾಥೆಟರ್ ಒಳಗೆ ಹೋದ ತಕ್ಷಣ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಬಿದ್ದುಬಿಡುತ್ತದೆ. ಕಫ ಇಲ್ಲದಿದ್ದರೂ ಮಾಡಲೇಬೇಕಾ?

ಉತ್ತರ – ಹಿರಿಯ ಐಸಿಯು ನರ್ಸ್, ಮುಂಬೈ:
ಬೇಡ ಸಿಸ್ಟರ್. ಕಫ ಇದ್ದಾಗ ಮಾತ್ರ ಮಾಡಿ. ಅಮೆರಿಕದ ಉಸಿರಾಟ ಚಿಕಿತ್ಸಕರ ಸಂಘದ 2010ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸುಮ್ನೆ ಕ್ಯಾಥೆಟರ್ ಹಾಕಿದರೆ ಶ್ವಾಸನಾಳದ ಒಳಪದರ ಕೆರೆದು ರಕ್ತ ಬರಬಹುದು, ಆಕ್ಸಿಜನ್ ಇಳಿಯುತ್ತದೆ.

ಆದರೆ ಎರಡು ಗಂಟೆಗೊಮ್ಮೆ ನೋಡುವುದನ್ನು ಬಿಡಬೇಡಿ. ವೆಂಟಿಲೇಟರ್ ಪರದೆಯಲ್ಲಿ ಫ್ಲೋ ಗೆರೆ (ಗಾಳಿಯ ಹರಿವು ತೋರಿಸುವ ಗೆರೆ) ಗರಗಸದ ಹಲ್ಲಿನಂತೆ ಕಾಣುತ್ತಿದೆಯಾ? ಹಾಗಿದ್ದರೆ ಕಫ ಇರಬಹುದು. ಆದರೆ ಸರ್ಕ್ಯೂಟ್‌ನಲ್ಲಿ (ವೆಂಟಿಲೇಟರ್‌ನ ಕೊಳವೆಗಳಲ್ಲಿ) ನೀರು ನಿಂತರೂ ಹಾಗೇ ಕಾಣುತ್ತದೆ, ಮೊದಲು ಅದನ್ನು ತೆಗೆಯಿರಿ. ಆಮೇಲೆ ಸ್ಟೆತ್ ಇಟ್ಟು ಕೇಳಿ, ಎದೆ ಮೇಲೆ ಅಂಗೈ ಇಡಿ. ಗೊರಗೊರ ಅನ್ನುವುದು ಕೈಗೇ ಗೊತ್ತಾಗುತ್ತದೆ. ಪೀಕ್ ಪ್ರೆಶರ್ (ಗಾಳಿ ಒಳಗೆ ತಳ್ಳುವಾಗಿನ ಗರಿಷ್ಠ ಒತ್ತಡ) ಏರಿದ್ದರೆ, ಟ್ಯೂಬ್‌ನಲ್ಲಿ ಕಫ ಕಂಡರೆ ತಡಮಾಡಬೇಡಿ. ಏನೂ ಇಲ್ಲದಿದ್ದರೆ ಚಾರ್ಟ್‌ನಲ್ಲಿ ‘ನೋಡಿದೆ, ಸಕ್ಷನ್ ಬೇಕಿರಲಿಲ್ಲ’ ಅಂತ ಬರೆಯಿರಿ.

ಸ್ಯಾಚುರೇಶನ್ ಬೀಳುವುದಕ್ಕೆ ಎಷ್ಟೋ ಸಲ ದಪ್ಪ ಕ್ಯಾಥೆಟರ್ ಕಾರಣ. ದೊಡ್ಡವರಲ್ಲಿ ಅದು ಟ್ಯೂಬ್‌ನ ಒಳ ಅಗಲದ ಅರ್ಧಕ್ಕಿಂತ ಜಾಸ್ತಿ ಇರಬಾರದು. 8ನೇ ನಂಬರ್ ಟ್ಯೂಬ್‌ಗೆ (ಒಳ ಅಗಲ 8 ಮಿಲಿಮೀಟರ್) 12 ಫ್ರೆಂಚ್ (ಕ್ಯಾಥೆಟರ್ ದಪ್ಪದ ಅಳತೆ) ಸಾಕು, ಅದು 4 ಮಿಲಿಮೀಟರ್. ಮೊದಲು 30ರಿಂದ 60 ಸೆಕೆಂಡ್ 100% ಆಕ್ಸಿಜನ್ ಕೊಡಿ. ಒಳಗೆ ಹಾಕುವಾಗ ಸಕ್ಷನ್ ಬೇಡ, ಹೊರಗೆ ಎಳೆಯುವಾಗ ಮಾತ್ರ. ಒಂದು ಸಲಕ್ಕೆ 15 ಸೆಕೆಂಡ್ ಮೀರಬಾರದು. ಮತ್ತೊಮ್ಮೆ ಬೇಕಿದ್ದರೆ ಸ್ಯಾಚುರೇಶನ್ ಏರುವ ತನಕ ಕಾಯಿರಿ. ಹಾರ್ಟ್ ರೇಟ್ ಇಳಿದರೆ ಅಲ್ಲೇ ನಿಲ್ಲಿಸಿ, ಆಕ್ಸಿಜನ್ ಕೊಟ್ಟು ಡಾಕ್ಟರನ್ನು ಕರೆಯಿರಿ.

ಪ್ರಶ್ನೆ – ಸ್ಟಾಫ್ ನರ್ಸ್, ಮಡಗಾಂವ್:
ಕಫ ಗಟ್ಟಿ ಇದ್ದರೆ ನಾವು ಟ್ಯೂಬ್‌ಗೆ ಸಲೈನ್ ಬಿಡುತ್ತೇವೆ. ಇಲ್ಲದಿದ್ದರೆ ಬರುವುದೇ ಇಲ್ಲ ಅಲ್ವಾ?

ಉತ್ತರ:
ಸಲೈನ್ ಮತ್ತು ಕಫ ಅಷ್ಟು ಸುಲಭವಾಗಿ ಬೆರೆಯುವುದಿಲ್ಲ. ಬಿಟ್ಟ ಸಲೈನ್ ಪೂರ್ತಿ ವಾಪಸ್ ಬರುವುದೂ ಇಲ್ಲ, ಟ್ಯೂಬ್‌ಗೆ ಅಂಟಿದ ಕೀಟಾಣುಗಳನ್ನು ಕೆಳಗೆ ತಳ್ಳಬಹುದು. ಹಾಗಾಗಿ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಕಫ ಯಾಕೆ ಗಟ್ಟಿಯಾಯಿತು ಅಂತ ಹುಡುಕಿ. ಹ್ಯುಮಿಡಿಫೈಯರ್‌ನಲ್ಲಿ (ಗಾಳಿಗೆ ತೇವ ಸೇರಿಸುವ ಯಂತ್ರದಲ್ಲಿ) ನೀರಿದೆಯಾ, ಬಿಸಿಯಾಗುತ್ತಿದೆಯಾ? ಎಚ್‌ಎಂಇ ಫಿಲ್ಟರ್ (ಉಸಿರಿನ ಬಿಸಿ, ತೇವ ಹಿಡಿದಿಡುವ ಫಿಲ್ಟರ್) ಕಟ್ಟಿಕೊಂಡಿದೆಯಾ? ಗೋವಾದ ಮಳೆಗಾಲದಲ್ಲಿ ಹೊರಗೆ ಎಷ್ಟೇ ತೇವ ಇರಲಿ, ಪೈಪ್‌ಲೈನ್ ಆಕ್ಸಿಜನ್ ಮಾತ್ರ ಒಣಗಿರುತ್ತದೆ. ದೇಹದಲ್ಲಿ ನೀರು ಕಡಿಮೆಯಾಗಿದೆಯಾ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಬಾಯಿಗೆ ಹಾಕಿದ ಕ್ಯಾಥೆಟರನ್ನು ಮತ್ತೆ ಟ್ಯೂಬ್‌ಗೆ ಹಾಕಲೇಬಾರದು. ಮತ್ತೆ, ಪೇಷಂಟ್‌ಗೆ ಹೇಳದೆ ಶುರು ಮಾಡಬೇಡಿ. ಉಸಿರು ಕಟ್ಟಿದಂತಾಗುತ್ತದೆ, ಪಾಪ, ತುಂಬಾ ಹೆದರುತ್ತಾರೆ. ಮರಾಠಿಯವರಾದರೆ ‘ಕಾಕಾ, ಆತಾ ಖೋಕಲಾ ಯೇಈಲ್’ ಅಂದರೆ ಸಾಕು, ಈಗ ಕೆಮ್ಮು ಬರುತ್ತದೆ ಅಂತ ತಿಳಿಯುತ್ತದೆ. ಸೆಡೇಶನ್‌ನಲ್ಲಿ (ಮಂಪರು ಔಷಧದಲ್ಲಿ) ಇದ್ದವರಿಗೂ ಹೇಳಿ.

ಪ್ರಶ್ನೆ – ಪುಣೆಯ ಸಿಸ್ಟರ್:
ಸರಿ ಅಕ್ಕ. ಆದರೆ ಟಿಕ್ ಇಲ್ಲದಿದ್ದರೆ ಇನ್‌ಚಾರ್ಜ್ ಬೈಯುತ್ತಾರೆ.

ಉತ್ತರ:
ಒಬ್ಬರೇ ವಾದಕ್ಕೆ ಇಳಿಯಬೇಡಿ. ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಜೊತೆಗೆ ಹೋಗಿ ಇನ್‌ಚಾರ್ಜ್ ಹತ್ತಿರ ಮಾತಾಡಿ. ಚಾರ್ಟ್‌ನಲ್ಲಿ ‘ಸಕ್ಷನ್’ ಕಾಲಂ ಪಕ್ಕ ‘ಪರೀಕ್ಷೆ’ ಅಂತ ಇನ್ನೊಂದು ಕಾಲಂ ಕೇಳಿ. ಅದು ಬಂದರೆ ಟಿಕ್‌ಗೋಸ್ಕರ ಯಾರಿಗೂ ಕ್ಯಾಥೆಟರ್ ಹಾಕುವ ಪ್ರಮೇಯ ಬರುವುದಿಲ್ಲ.