ಇಡೀ ಬ್ರಿಟನ್ ಬೆಳ್ಳಗಾಗಿದ್ದು ಯಾವ ವರ್ಷ?

ಗುಂಪು: ನಮ್ಮ ಬ್ಯಾಚ್ - ಸ್ಮರಣ ಸಂಚಿಕೆ

ರಮೇಶ: (ಫೋಟೋ: ಮೇಲಿನಿಂದ ಕಾಣುವ ಇಡೀ ಬ್ರಿಟನ್, ಪೂರ್ತಿ ಬಿಳಿ)
ಯುಕೆ ಗೆಳೆಯರ ಪುಟಕ್ಕೆ ಇದು. ಕೆಳಗೆ ಹೀಗೆ ಬರುತ್ತೆ: "2018ರ ಮಾರ್ಚ್ 1. ಬೀಸ್ಟ್ ಫ್ರಮ್ ದಿ ಈಸ್ಟ್ ಎಂಬ ಚಳಿಗಾಳಿ ಬಂದಾಗ ಇಡೀ ಬ್ರಿಟನ್ ಹಿಮದಲ್ಲಿ ಮುಚ್ಚಿಹೋಗಿತ್ತು." ನೋಡಿ ಹೇಳಿ.

ಶಿವು: ಸೂಪರ್ ಕಣೋ. ಸ್ಕಾಟ್ಲೆಂಡಿನಿಂದ ಹಿಡಿದು ಕೆಳಗಿನವರೆಗೂ ಒಂದೇ ಬಿಳಿ!

ಸುಮಾ: ರಮೇಶ, ಈ ಫೋಟೋ 2018ರದ್ದಲ್ಲ. ನಾಸಾದ ಟೆರ್ರಾ ಉಪಗ್ರಹ 2010ರ ಜನವರಿ 7ರಂದು ತೆಗೆದದ್ದು. ದಯವಿಟ್ಟು ಹೀಗೇ ಅಚ್ಚು ಹಾಕಿಸಬೇಡ.

ರಮೇಶ: ಚಳಿ ಬಂದಿದ್ದು ನಿಜ ತಾನೇ? ಸ್ನೋ ಬಿದ್ದಿದ್ದು ನಿಜ ತಾನೇ? ಫೋಟೋ ಚೆನ್ನಾಗಿದೆ. ವರ್ಷ ಯಾರು ಕೂತು ನೋಡ್ತಾರೆ ಸುಮಾ?

ಪ್ರಸಾದ್: ನನ್ನ ಕೇಳಿದರೆ 2010 ಅಂತಲೇ ಹಾಕು. 2018ರಲ್ಲಿ ನಮ್ಮ ಲಿವರ್‌ಪೂಲ್ ಕಡೆ ಅಂಥಾದ್ದೇನೂ ಬೀಳಲಿಲ್ಲ. ಗಾಳಿ ಕೊರೆಯುತ್ತಿತ್ತು, ಆದರೆ ಬಿಸಿಲಿತ್ತು. ಪೇಪರಿನವರು, ಟಿವಿಯವರು ಸುಮ್ನೆ ಜಾಸ್ತಿ ಮಾಡಿದರು. ಆಗಲೂ ಇದನ್ನೇ ಹೇಳಿದ್ದೆ.

ಸುಮಾ: ನೀನು ಆಗ ಹೇಳಿದ್ದು ನನಗೆ ನೆನಪಿದೆ ಪ್ರಸಾದ್. ಅದಕ್ಕೇ ಈ ಫೋಟೋ ಬೇಡ ಅಂತಿರೋದು. ನಿನಗೆ ಬಿಸಿಲು, ಪೂರ್ವ ಕರಾವಳಿಯ ಸಂಡರ್‌ಲೆಂಡ್‌ನಲ್ಲಿ ನಾನು ಕಾರು ಎಲ್ಲಿದೆ ಅಂತ ಕೈಯಲ್ಲಿ ಬಗೆದು ಹುಡುಕುತ್ತಿದ್ದೆ. ಎರಡೂ ನಿಜ. ಒಂದೇ ದಿನದ್ದು.

ಪ್ರಸಾದ್: ಅಷ್ಟು ಚಿಕ್ಕ ದೇಶದಲ್ಲಿ ಅಷ್ಟು ವ್ಯತ್ಯಾಸ ಹೇಗಾಗುತ್ತೆ?

ಸುಮಾ: ಆ ವಾರದ ಮೊದಲ ದಿನಗಳಲ್ಲಿ ಸ್ನೋ ಬಂದಿದ್ದೇ ಬಿಟ್ಟು ಬಿಟ್ಟು ಬರುವ ಮಳೆಯ ಥರ. ಫೆಬ್ರುವರಿ ಮಧ್ಯದಲ್ಲಿ ಉತ್ತರ ಧ್ರುವದ ಮೇಲೆ, ತುಂಬಾ ಎತ್ತರದಲ್ಲಿ, ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಯಿತು. ಅಲ್ಲಿ ಸುತ್ತುತ್ತಿದ್ದ ದೊಡ್ಡ ಗಾಳಿಚಕ್ರ ಒಡೆಯಿತು. ಸ್ಕ್ಯಾಂಡಿನೇವಿಯಾದ ಮೇಲೆ ಗಾಳಿಯ ಒತ್ತಡ ಏರಿ ಕೂತಿತು. ಯಾವಾಗಲೂ ಅಟ್ಲಾಂಟಿಕ್‌ನಿಂದ ನಮ್ಮ ಕಡೆ ಬೀಸುವ ಹದವಾದ ಗಾಳಿಗೆ ದಾರಿ ಇಲ್ಲದಂತಾಯಿತು. ಅದರ ಬದಲು ರಷ್ಯಾ ಕಡೆಯಿಂದ ಮೂಡಲ ಗಾಳಿ ನುಗ್ಗಿತು.

ಆ ಒಣ ಗಾಳಿ ಉತ್ತರ ಸಮುದ್ರ ದಾಟಬೇಕು. ಚಳಿಗಾಲದಲ್ಲೂ ಸಮುದ್ರದ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಮೇಲೇ ಇರುತ್ತೆ. ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ನೀರಿನಿಂದ ಬಿಸಿ, ತೇವ ಎರಡನ್ನೂ ಎತ್ತಿಕೊಂಡು ಉದ್ದುದ್ದ ಸಾಲು ಮೋಡ ಏಳುತ್ತೆ. ಆ ಸಾಲು ಬಂದು ಕರಾವಳಿಗೆ ಎಲ್ಲಿ ತಾಕುತ್ತೋ ಅಲ್ಲಿ ಸುರಿಯುತ್ತೆ. ಸಾಲಿನ ಕೆಳಗಿದ್ದ ಊರಿಗೆ ಗಂಟೆಗಟ್ಟಲೆ ಸ್ನೋ, ಪಕ್ಕದ ಊರಿಗೆ ಏನೂ ಇಲ್ಲ. ನಡುವಿನ ಪೆನೈನ್ ಬೆಟ್ಟ ದಾಟಿ ಪಶ್ಚಿಮಕ್ಕೆ, ನಿನ್ನ ಕಡೆ ಬರುವಷ್ಟರಲ್ಲಿ ಮೋಡದಲ್ಲಿ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಶಿವು: ಇಷ್ಟಕ್ಕೆಲ್ಲ ದೇಶವೇ ನಿಂತುಹೋಗುತ್ತಲ್ಲ, ಅದೇ ನನಗೆ ಅರ್ಥ ಆಗಲ್ಲ. ಕೆನಡಾದಲ್ಲಿ ಆಳೆತ್ತರ ಬಿದ್ದರೂ ಮಕ್ಕಳು ಸ್ಕೂಲಿಗೆ ಹೋಗ್ತಾರೆ.

ನಾಗರತ್ನ: ಶಿವು, ಕೆನಡಾಕ್ಕೆ ಪ್ರತಿ ವರ್ಷ ಬರುತ್ತೆ. ಚಳಿಗಾಲದ ಟೈರು, ಬೆಚ್ಚನೆ ಮನೆ, ಹಿಮ ತಳ್ಳುವ ಗಾಡಿ ಎಲ್ಲಾ ಇರುತ್ತೆ. ನಾನಿರುವ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಅಂಥಾ ಸ್ನೋ ಯಾವಾಗಲೋ ಒಮ್ಮೆ. ಇಲ್ಲಿ ಹೆಚ್ಚಿನವರ ಕಾರಿಗೆ ಚಳಿಗಾಲದ ಟೈರೇ ಇಲ್ಲ. ಮೇಲಾಗಿ ಇಲ್ಲಿಯ ಚಳಿ ಸೊನ್ನೆಯ ಆಚೆ ಈಚೆ ಓಲಾಡುತ್ತೆ. ಹಗಲು ಸ್ವಲ್ಪ ಕರಗಿ, ರಾತ್ರಿ ಗಟ್ಟಿಯಾಗಿ, ಬೆಳಿಗ್ಗೆ ರಸ್ತೆ ತುಂಬಾ ಗಾಜು ಬಳಿದಂತಾಗುತ್ತೆ.

ಮನೆಯ ಬಾಯ್ಲರ್ ಕೂಡ ಅಂಥ ಹೊತ್ತಿಗೇ ಕೈ ಕೊಡುತ್ತೆ. ಅದರಿಂದ ನೀರು ಹೊರಗೆ ಹೋಗಲು ಒಂದು ಸಣ್ಣ ಪ್ಲಾಸ್ಟಿಕ್ ಪೈಪ್ ಗೋಡೆಯಾಚೆ ಇರುತ್ತೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಬಾಯ್ಲರ್ ತಾನೇ ಆಫ್. ಗುಳುಗುಳು ಸದ್ದು ಬಂತು ಅಂದರೆ ಗೊತ್ತಾಗುತ್ತೆ. ಬಿಸಿ ನೀರಿನ ಬಾಟಲಿ ಹಿಡಿದು ಹೊರಗೆ ಹೋಗಿ ಪೈಪಿಗೆ ಒತ್ತಿ ನಿಲ್ಲಬೇಕು. ಕುದಿಯುವ ನೀರು ಹಾಕಿದರೆ ಪೈಪ್ ಸೀಳುತ್ತೆ. ಮಗುವಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಕೂರಿಸಿ ಈ ಕೆಲಸ ಮಾಡಿದವಳು ನಾನು.

ರಮೇಶ: ಅಂದರೆ ಕಾರ್ಡಿಫ್‌ನಲ್ಲೂ ಬಿತ್ತಲ್ಲ! ಪಶ್ಚಿಮಕ್ಕೆ ಬರಲಿಲ್ಲ ಅಂದಳಲ್ಲ ಸುಮಾ?

ನಾಗರತ್ನ: ನಮ್ಮದು ಆಮೇಲಿನ ಕಥೆ. ಮಾರ್ಚ್ 1ರಂದು ದಕ್ಷಿಣದಿಂದ ಎಮ್ಮಾ ಅನ್ನೋ ಬಿರುಗಾಳಿ ಬಂತು. ಪೋರ್ಚುಗಲ್‌ನವರು ಇಟ್ಟ ಹೆಸರು. ಅದರ ತೇವ ಈ ತಣ್ಣನೆ ಗಾಳಿಯ ಮೇಲೆ ಏರಿ ನಮ್ಮ ಮೇಲೆ ಸುರಿಯಿತು. ದಕ್ಷಿಣ ವೇಲ್ಸ್‌ಗೂ ಇಂಗ್ಲೆಂಡಿನ ನೈಋತ್ಯಕ್ಕೂ ರೆಡ್ ವಾರ್ನಿಂಗ್, ಅಂದರೆ ಎಲ್ಲಕ್ಕಿಂತ ದೊಡ್ಡ ಹವಾಮಾನ ಎಚ್ಚರಿಕೆ, ಕೊಟ್ಟರು. ಹಿಂದಿನ ದಿನ ಸ್ಕಾಟ್ಲೆಂಡಿನ ನಡುಭಾಗಕ್ಕೆ ಕೊಟ್ಟಿದ್ದರು. ಆ ರಾತ್ರಿ ಎಂ80 ರಸ್ತೆಯಲ್ಲಿ ನೂರಾರು ಗಾಡಿ ಸಿಕ್ಕಿಹಾಕಿಕೊಂಡು ಜನ ಕಾರಿನಲ್ಲೇ ಬೆಳಗು ಮಾಡಿದರು.

ಪ್ರಸಾದ್: ಸರಿ ನಾಗರತ್ನ, ಒಪ್ಪಿದೆ. ಆದರೆ ಚಳಿ ಅಂದರೆ 2010 ಅಲ್ವಾ? ಸ್ಕಾಟ್ಲೆಂಡಿನ ಆಲ್ಟ್‌ನಹಾರಾದಲ್ಲಿ ಮೈನಸ್ 22.3 ಡಿಗ್ರಿ. ಆ ವರ್ಷವೇ ಡಿಸೆಂಬರ್‌ನಲ್ಲಿ ಮತ್ತೊಂದು ಸುತ್ತು. ಡಿಸೆಂಬರ್ 18ಕ್ಕೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ನಿಂತುಹೋಯಿತು, ಜನ ಟರ್ಮಿನಲ್ ನೆಲದ ಮೇಲೆ ಮಲಗಿದರು. ಅದರ ಮುಂದೆ 2018 ಎಷ್ಟರದ್ದು?

ಸುಮಾ: ಚಳಿ ಯಾವುದು ದೊಡ್ಡದು ಅಂತ ನಾನು ಜಗಳ ಆಡುತ್ತಿಲ್ಲ. 2010ರದ್ದು ದೊಡ್ಡದೇ. ಆದರೆ ಅದರ ಫೋಟೋ ಇದರ ಮೇಲೆ ಅಂಟಿಸಿದರೆ ಎರಡೂ ಸುಳ್ಳಾಗುತ್ತೆ.

ಆ ಬುಧವಾರ, 2018ರ ಫೆಬ್ರುವರಿ 28ಕ್ಕೆ, ನನ್ನ ಕಿಟಕಿಯಿಂದ ಕಂಡದ್ದು ಹೇಳುತ್ತೇನೆ. ಸಮುದ್ರದ ಮೇಲೆ ನೀಲಿ ಆಕಾಶ. ದೂರದಲ್ಲಿ ಒಂದು ಕಪ್ಪು ಗೋಡೆ ನೀರಿನ ಮೇಲೇ ನಡೆದು ಬಂತು. ಮೊದಲು ಸಬ್ಬಕ್ಕಿಯಂಥ ಗಟ್ಟಿ ಕಾಳು ಗಾಜಿಗೆ ಬಡಿಯಿತು. ಆಮೇಲೆ ಎದುರುಮನೆ ಕಾಣದಷ್ಟು ಹಿಮ, ಅದೂ ಅಡ್ಡಡ್ಡ. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಿಸಿಲು, ಕಣ್ಣು ಬಿಡಲಾಗದ ಬೆಳಕು. ಅಷ್ಟರಲ್ಲಿ ಹಿಂದೆ ಇನ್ನೊಂದು ಗೋಡೆ. ಇದು ಆ ಫೋಟೋದಲ್ಲಿ ಎಲ್ಲಿದೆ?

ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಅದರಲ್ಲೇ ನಡೆದುಕೊಂಡು ಡ್ಯೂಟಿಗೆ ಬಂದರು. ಬಸ್ಸಿರಲಿಲ್ಲ. ರೆಪ್ಪೆಯ ಮೇಲೆ ಹಿಮ ಹಾಗೇ ಕೂತಿತ್ತು. ಬದಲಿ ಬರುವವರು ಇಲ್ಲ ಅಂತ ರಾತ್ರಿಯೂ ಉಳಿದರು. ಬ್ರೇಕಿನಲ್ಲಿ ಅವರ ಅಣ್ಣ ಫೋನ್ ಮಾಡಿ, "ನಮ್ಮಲ್ಲಿ ರಸ್ತೆ ಒಣಗಿದೆ, ಏನು ನಾಟಕ ನಿಮ್ಮದು" ಅಂದರಂತೆ. ಆಕೆ ಅತ್ತರು ರಮೇಶ. ಚಳಿಗಲ್ಲ, ಆ ಮಾತಿಗೆ. ಲಿಂಕನ್‌ಶೈರ್‌ನಲ್ಲಿ ಆಸ್ಪತ್ರೆಯವರನ್ನು ಕರೆತರಲು ಸೇನೆಯ ಗಾಡಿ ಬಂದವು. ಅದನ್ನು ನಾಟಕ ಅನ್ನೋಕೆ ಆಗುತ್ತಾ?

ಪ್ರಸಾದ್: ನಾನು ಯಾರನ್ನೂ ನಾಟಕ ಅಂದಿಲ್ಲ. ಟಿವಿಯವರ ಮಾತು ಹೇಳಿದೆ. ಅದನ್ನು ಬದಲಾಯಿಸಲ್ಲ.

ರಮೇಶ: ಸರಿ. ಪುಟ ಇವತ್ತು ರಾತ್ರಿ ಪ್ರೆಸ್ಸಿಗೆ ಹೋಗಬೇಕು. ಇದನ್ನು ತೆಗೆದರೆ ಆ ಜಾಗಕ್ಕೆ ಏನು ಹಾಕಲಿ?

ಸುಮಾ: ನಮ್ಮ ನಮ್ಮ ಫೋಟೋ ಹಾಕು. ನನ್ನ ಕಾರಿನದ್ದು ಇದೆ, ಫೆಬ್ರುವರಿ 28. ನಾಗರತ್ನ, ಬಾಯ್ಲರ್ ಪೈಪಿನದ್ದು ತೆಗೆದಿದ್ದೆಯಾ?

ನಾಗರತ್ನ: ಪೈಪಿನದ್ದಿಲ್ಲ ಕಣೇ. ಹಿತ್ತಲ ಬೇಲಿ ಅರ್ಧ ಹೂತುಹೋದದ್ದು ಇದೆ. ಮಾರ್ಚ್ 2.

ಸುಮಾ: ಅದೇ ಸಾಕು. ಪ್ರಸಾದ್, ನಿನ್ನ ಬಿಸಿಲಿನದ್ದೂ ಕಳಿಸು. ಪಕ್ಕಪಕ್ಕದಲ್ಲೇ ಬರಲಿ.

ಪ್ರಸಾದ್: ಆಲ್ಬರ್ಟ್ ಡಾಕ್ ಹತ್ತಿರ ಮಗಳ ಜೊತೆ ನಿಂತದ್ದು ಇದೆ. ಟೋಪಿ, ಮಫ್ಲರ್, ಹಿಂದೆ ನೀಲಿ ಆಕಾಶ. ಹುಡುಕಿ ಕಳಿಸ್ತೀನಿ.

ರಮೇಶ: ಹತ್ತು ಗಂಟೆಯೊಳಗೆ. ಊರು, ತಾರೀಖು ಬರೆದೇ ಕಳಿಸಿ.