ಪ್ರಶ್ನೋತ್ತರ: ‘ವಿಐಎ ಪಾಸಿಟಿವ್’ ಎಂದು ಬರೆದುಕೊಟ್ಟಿದ್ದಾರೆ, ಕಾಫಿ ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯೆ): ನಮ್ಮ ಅತ್ತಿಗೆಗೆ 41 ವರ್ಷ. ಗಂಡ ಹೆಂಡತಿ ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಾ ಲೈನ್ ಮನೆಯಲ್ಲಿದ್ದಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬಿಸಿಕೊಂಡು ಹೋದ ಮೇಲೆ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಗರ್ಭಕಂಠವನ್ನು ಪರೀಕ್ಷಿಸಿ, ‘ವಿಐಎ ಪಾಸಿಟಿವ್’ ಎಂದು ಬರೆದು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ನೋವಿಲ್ಲ, ಏನೂ ಇಲ್ಲ, ಕೊಯ್ಲು ಮುಗಿದ ಮೇಲೆ ಹೋದರಾಯಿತು ಎಂಬುದು ಅತ್ತಿಗೆಯ ಮಾತು. ಅವರ ತಾಯಿಯಾದರೋ ಕ್ಯಾನ್ಸರ್ ಎಂದೇ ತೀರ್ಮಾನಿಸಿ ಊಟ ಬಿಟ್ಟು ಕುಳಿತಿದ್ದಾರೆ. ಯಾರ ಮಾತು ಸರಿ?

ಉತ್ತರ (ಸ್ತ್ರೀರೋಗ ತಜ್ಞೆ): ಇಬ್ಬರದೂ ಸರಿಯಲ್ಲ. ವಿಐಎ ಎಂದರೆ ಗರ್ಭಕಂಠದ ಕ್ಯಾನ್ಸರ್‌ನ ಸುಳಿವಿದೆಯೇ ಎಂದು ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ತಪಾಸಣೆ. ಅದರಲ್ಲಿ ನಡೆಯುವುದಿಷ್ಟೇ: ಗರ್ಭಕಂಠಕ್ಕೆ, ಅಂದರೆ ಗರ್ಭಕೋಶದ ಬಾಯಿಗೆ, ತೆಳು ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಯ ವಿನೆಗರ್‌ನಲ್ಲಿರುವ ಆಮ್ಲವನ್ನೇ, ಹತ್ತಿಯಲ್ಲಿ ಅದ್ದಿ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬದಲಾವಣೆಗೊಂಡ ಜೀವಕೋಶಗಳಿದ್ದರೆ ಆ ಜಾಗ ದಟ್ಟ ಬಿಳುಪಾಗಿ, ಅಂಚು ಎದ್ದು ಕಾಣುತ್ತದೆ. ಆದರೆ ಉರಿಯೂತ, ಸೋಂಕು ಅಥವಾ ಮಾಯುತ್ತಿರುವ ಸಾಮಾನ್ಯ ಅಂಗಾಂಶವೂ ಬಿಳಿಯಾಗಬಲ್ಲದು. ಆದ್ದರಿಂದ ‘ಪಾಸಿಟಿವ್’ ಎಂದರೆ ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದರ್ಥವೇ ಹೊರತು ಕ್ಯಾನ್ಸರ್ ಎಂದಲ್ಲ. ಹೀಗೆ ಚೀಟಿ ಪಡೆದು ಬರುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ತಾಯಿಯವರಿಗೆ ಮೊದಲು ಊಟ ಮಾಡಲು ಹೇಳಿ.

ಇನ್ನು ಅತ್ತಿಗೆಯವರ ವಿಚಾರ. ಮಾನವ ಪ್ಯಾಪಿಲೋಮಾ ವೈರಸ್ ಅಥವಾ ಎಚ್‌ಪಿವಿ ಸೋಂಕು ಉಳಿದುಕೊಂಡು ಗರ್ಭಕಂಠದ ಕ್ಯಾನ್ಸರ್ ಆಗಲು ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಆ ಲೆಕ್ಕದಲ್ಲಿ ಕೆಲವು ವಾರಗಳಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಅವರು ಆ ದಾರಿಯಲ್ಲಿ ಎಲ್ಲಿದ್ದಾರೆ ಎಂಬುದು ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ನೋಡಿ, ಬೇಕಾದರೆ ಚೂರು ತೆಗೆದು ಬಯಾಪ್ಸಿ ಮಾಡಿದ ಮೇಲಷ್ಟೇ ಗೊತ್ತಾಗುವುದು. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಏಕೆಂದರೆ ಸುಲಭವಾಗಿ ಗುಣಪಡಿಸಬಹುದಾದ ಹಂತದಲ್ಲಿ ನೋವು ಇರುವುದೇ ಇಲ್ಲ. ‘ಕೊಯ್ಲು ಮುಗಿಯಲಿ’ ಎಂದವರು ಅರೇಬಿಕಾ ಮುಗಿದ ಮೇಲೆ ರೋಬಸ್ಟಾ, ಅದಾದ ಮೇಲೆ ಮೆಣಸು ಎನ್ನುತ್ತಾ ಹೋಗುವುದನ್ನು ಮಲೆನಾಡಿನ ನಾವೆಲ್ಲ ಬಲ್ಲೆವು. ಒಂದು ದಿನದ ಕೂಲಿ ಹೋಗುವುದು ಸಣ್ಣ ವಿಷಯವಲ್ಲ ಎಂದು ಒಪ್ಪಿಕೊಂಡೇ ಹೇಳುತ್ತೇನೆ, ಇದೇ ತಿಂಗಳಲ್ಲಿ ಮುಟ್ಟಿನ ದಿನಗಳನ್ನು ಬಿಟ್ಟು ಒಂದು ದಿನ ನಿಗದಿ ಮಾಡಿಕೊಳ್ಳಿ. ಸಂಭೋಗದ ನಂತರ ರಕ್ತ ಕಾಣಿಸುವುದು, ಮುಟ್ಟಿನ ನಡುವೆ ರಕ್ತಸ್ರಾವ, ದುರ್ವಾಸನೆಯ ಬಿಳಿ ಸೆರಗು, ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಅವರನ್ನು ಒಬ್ಬರೇ ಇರುವಾಗ ಕೇಳಿ. ಇದ್ದರೆ ಇದೇ ವಾರ ಹೋಗಬೇಕು.

ಅದೇ ಸದಸ್ಯೆ: ಗರ್ಭಕೋಶ ತೆಗೆಯುತ್ತಾರೆ ಎಂಬ ಭಯವೇ ದೊಡ್ಡದು. ಜೊತೆಗೆ, ಇದು ವೈರಸ್‌ನಿಂದ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಮನೆಯಲ್ಲಿ ಬೇಡದ ಮಾತುಗಳೂ ಬಂದಿವೆ.

ಉತ್ತರ: ಕ್ಯಾನ್ಸರ್‌ಗೆ ಮುಂಚಿನ ಹಂತದ ಬದಲಾವಣೆಯಷ್ಟೇ ಇದ್ದರೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಆ ಜಾಗವನ್ನು ಶಾಖದಿಂದಲೋ ಅತಿ ಶೀತದಿಂದಲೋ ನಾಶಪಡಿಸುತ್ತಾರೆ, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ತೆಳುವಾಗಿ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕೆಲವು ವಾರ ನೀರಿನಂತಹ ಸ್ರಾವವಿರುತ್ತದೆ, ಸುಮಾರು ಒಂದು ತಿಂಗಳು ಸಂಭೋಗ ಬೇಡ, ವರ್ಷದ ನಂತರ ಮತ್ತೆ ಪರೀಕ್ಷೆ ತಪ್ಪಿಸಬಾರದು.

ಮನೆಯ ಮಾತಿಗೆ ನನ್ನ ಉತ್ತರ ಖಾರವಾಗಿಯೇ ಇರುತ್ತದೆ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವುದು ನಿಜ, ಆದರೆ ದಾಂಪತ್ಯ ನಡೆಸಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಅದು ಒಮ್ಮೆಯಾದರೂ ತಗುಲಿ, ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗಿರುತ್ತದೆ. ಯಾವಾಗ, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆಯೇ ಇಲ್ಲ. ನಡತೆಯ ಮಾತೆತ್ತುವವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ (ಕಡೂರಿನ ಶಿಕ್ಷಕಿ): ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುತ್ತಾರಲ್ಲ?

ಉತ್ತರ: ಅದು ಸುಳ್ಳು. 9ರಿಂದ 14 ವರ್ಷವೇ ಲಸಿಕೆಗೆ ಹೇಳಿಮಾಡಿಸಿದ ವಯಸ್ಸು. ಈ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಎಂಬ ಪದ್ಧತಿಯಿದ್ದು, ಒಂದೇ ಡೋಸ್ ಕೂಡ ಸಾಕಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ. 70ರಷ್ಟಕ್ಕೆ ಕಾರಣವಾದ 16 ಮತ್ತು 18ನೇ ಬಗೆಯ ವೈರಸ್‌ಗಳನ್ನು ಲಸಿಕೆ ತಡೆಯುತ್ತದೆ. ಉಳಿದದ್ದಕ್ಕಾಗಿ 30 ದಾಟಿದ ಮೇಲೆ ಅವಳೂ ತಪಾಸಣೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ (ಹಾಸನದ ಸದಸ್ಯ): ನನ್ನ ತಾಯಿಗೆ 56. ಸ್ತನದಲ್ಲಿ ಗಂಟಿದೆ, ನೋವಿಲ್ಲವೆಂದು ಎರಡು ತಿಂಗಳಿಂದ ಮುಚ್ಚಿಟ್ಟಿದ್ದರು. ಸೂಜಿ ಹಾಕಿದರೆ ಹರಡುತ್ತದೆ ಎಂದು ಒಪ್ಪುತ್ತಿಲ್ಲ. ನಮ್ಮದು ಎಪಿಎಲ್ ಕಾರ್ಡ್.

ಉತ್ತರ: ಗಂಟು ಕೈಗೆ ಸಿಕ್ಕಿದ ಮೇಲೆ ತಪಾಸಣಾ ಶಿಬಿರ ನಡೆಯಲಿ ಎಂದು ಕಾಯುವಂತಿಲ್ಲ. ನಾಳೆಯೇ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಕೈಯಿಂದ ಪರೀಕ್ಷೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಅಥವಾ ಸ್ಕ್ಯಾನ್, ನಂತರ ಸೂಜಿ ಬಯಾಪ್ಸಿ, ಇದು ಕ್ರಮ. ಸೂಜಿಯಿಂದ ಹರಡುತ್ತದೆ ಎಂಬ ಭಯಕ್ಕೆ ಬಯಾಪ್ಸಿಯನ್ನು ಬಿಡಬಾರದು. ಅದಿಲ್ಲದೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಿ ಎಂಬುದೇ ತಿಳಿಯದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 20 ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತೆಯರು ಬರಿಗೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು, ಬೇಗ ಸಿಕ್ಕಿದರೆ ಬದುಕು ಉಳಿಯುತ್ತದೆ ಎಂದು ತಾಯಿಯವರಿಗೆ ಹೇಳಲು ಇದು ಸಾಕು.

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮಂತಹ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ) ಶೇ. 30 ಭಾಗವನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲೇ ಪಡೆಯಿರಿ, ಇದನ್ನು ಮರೆತು ಕೈಯಿಂದ ಹಣ ಕಟ್ಟಿದವರು ಬಹಳ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಿದರೆ, ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲು ಪ್ರಯಾಣ ದರದಲ್ಲಿ ರಿಯಾಯಿತಿ ಇದೆ; ಅದರ ನಮೂನೆಗೆ ವೈದ್ಯರ ಸಹಿ, ಮೊಹರು ಹಾಕಿಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.